ಕೇತಿಲ್‌ಗೆ ಹತ್ತು, ಸ್ವಾಲಾಗೆ ಎಂಟು

ಈ ಕಥೆಯನ್ನು ನಮಗೆ ಮೊದಲು ಹೇಳಿದವಳು ಸ್ವಾಲಾ. ಹೋದ ವರ್ಷ ಫೆಬ್ರವರಿಯ ಒಂದು ಶುಕ್ರವಾರ ಸಂಜೆ, ಉತ್ತರ ಕಡಲ ದಂಡೆಯ ನಮ್ಮೂರು ಕಾಲ್ಡೆಯ್ರಿಯ ಶಾಲೆಯ ಊಟದ ಕೋಣೆಯಲ್ಲಿ. ಕಾಯ್ದೆ ಹೇಳಿದ ಹೊತ್ತು ಮೀರಿ ಬೀದಿಯಲ್ಲಿರುವ ಮಕ್ಕಳನ್ನು ಮನೆಗೆ ಕಳಿಸಲು ನಮ್ಮೂರ ತಂದೆತಾಯಂದಿರು ಸರದಿಯ ಮೇಲೆ ಗಸ್ತು ತಿರುಗುತ್ತಾರೆ. ಅದನ್ನು ಮುಂದುವರಿಸುವುದೋ ಬಿಡುವುದೋ ಎಂದು ತೀರ್ಮಾನಿಸಲು ಸೇರಿದ್ದೆವು. ಕಾಫಿ ಮುಗಿದಿತ್ತು, ಜಗಳ ಮುಗಿದಿರಲಿಲ್ಲ. ಆಗ ಸ್ವಾಲಾ ಎದ್ದು ನಿಂತು, "ನಂಗೆ ಭಾಷಣ ಬರಲ್ಲ. ಕಾಗದ ಓದ್ತೀನಿ. ಮಮ್ಮಾನ ಕೇಳ್ಕೊಂಡೇ ತಂದಿದೀನಿ, ಅವಳು ಮಾತ್ರ ಬರಲ್ಲ ಅಂದ್ಲು" ಎಂದಳು. ಅವಳು ಪಬ್ಬಿ ಎಂದು ಕರೆಯುತ್ತಿದ್ದ ಅಪ್ಪ ತೀರಿಕೊಂಡ ಮೇಲೆ ಎರಡು ಕಡೆಯ ಕಾಗದಗಳೂ ಅವಳ ಕೈಗೆ ಬಂದಿದ್ದವು. ಅವಳು ಓದಿದ ಕ್ರಮದಲ್ಲೇ ಇಲ್ಲಿ ಇಡುತ್ತಿದ್ದೇನೆ.

ಕಾಲ್ಡೆಯ್ರಿ, 12 ಜನವರಿ 2003

ಪ್ರಿಯ ಐವಿಂದುರ್,

ಫೋನಿನಲ್ಲಾದರೆ ಜಗಳ, ಕಾಗದದಲ್ಲಾದರೆ ಸಂಸಾರ ಎಂದು ನೀನೇ ಹೇಳಿ ಹೋದೆ. ಹಾಗಾಗಿ ಕೂತು ಬರೆಯುತ್ತಿದ್ದೇನೆ. ನೀನು ಮೀನುಗಾರಿಕೆ ಕಲಿಸಲು ಹೋದ ವಾಲ್ವಿಸ್ ಬೇಯಲ್ಲಿ ಈಗ ಬೇಸಿಗೆ. ಇಲ್ಲಿ ಸೂರ್ಯ ಬೆಟ್ಟದ ಹಿಂದೆ ಹೋದವನು ಇನ್ನೂ ಬಂದಿಲ್ಲ. ಬಂದ ದಿನ ಎಂದಿನಂತೆ ಎಲ್ಲರ ಮನೆಯಲ್ಲೂ ಸೂರ್ಯನ ಕಾಫಿ, ಸಿಹಿದೋಸೆ. ನಿನ್ನ ಪಾಲಿನ ದೋಸೆಗೆ ಮಕ್ಕಳಿಬ್ಬರೂ ಈಗಲೇ ಕಿತ್ತಾಡುತ್ತಿದ್ದಾರೆ.

ಈ ವರ್ಷ ಒಂದು ಹೊಸ ಪೇಚು ಬಂದಿದೆ. ನಮ್ಮ ಅವಳಿಗಳು ಹುಟ್ಟಿದ ರಾತ್ರಿ ನಿನಗೆ ನೆನಪಿರಬೇಕು. ನೀನು ಕಿಟಕಿಯಲ್ಲಿ ಹೊಸವರ್ಷದ ಬಾಣಬಿರುಸು ನೋಡುತ್ತ ಕೇತಿಲ್ ಹುಟ್ಟಿದ್ದನ್ನೇ ನೋಡಲಿಲ್ಲ! ಅವನು ಹಳೆಯ ವರ್ಷದ ಬಾಲ ಹಿಡಿದು ಬಂದ, ಅವಳು ಹೊಸ ವರ್ಷದ ಮೂಗು ಹಿಡಿದು ಬಂದಳು. ನಡುವೆ ಅರ್ಧ ಗಂಟೆಯೂ ಇಲ್ಲ. ಈಗ ಇಬ್ಬರಿಗೂ ಹನ್ನೆರಡು ತುಂಬಿದೆ. ಆದರೆ ಕಾಯ್ದೆ ಹುಟ್ಟಿದ ದಿನವನ್ನು ನೋಡುವುದಿಲ್ಲ, ವರ್ಷವನ್ನು ನೋಡುತ್ತದೆ. ಅದರ ಲೆಕ್ಕದಲ್ಲಿ ಕೇತಿಲ್‌ಗೆ ಹದಿಮೂರು, ಸ್ವಾಲಾಗೆ ಹನ್ನೆರಡು. ಚಳಿಗಾಲದಲ್ಲಿ ಅವನು ರಾತ್ರಿ ಹತ್ತರವರೆಗೆ ಹೊರಗಿರಬಹುದು. ಅವಳು ಎಂಟಕ್ಕೆ ಮನೆಯೊಳಗಿರಬೇಕು.

"ನಾನೇನ್ ಮಾಡ್ದೆ ಮಮ್ಮಾ?" ಎಂದಳು.

"ಏನೂ ಮಾಡ್ಲಿಲ್ಲ ಚಿನ್ನ. ಅವನಾದ್ಮೇಲೆ ಹುಟ್ಟಿದೆ, ಅಷ್ಟೇ."

"ಅದೂ ನೀನೇ ಮಾಡಿದ್ದು!"

ಕೇತಿಲ್ ಸುಮ್ಮನಿರುತ್ತಾನೆಯೇ? "ಎಂಟಾಯ್ತು, ಪಾಪು ಮಲ್ಕೋಬೇಕು, ಯಾರಾದ್ರೂ ಜೋಗುಳ ಹಾಡ್ರಪ್ಪಾ" ಎಂದು ಬೀದಿಗೆಲ್ಲ ಕೇಳಿಸುವ ಹಾಗೆ ಕೂಗಿ ಓಡಿದ. ಅವಳು ಅವನ ಟೊಪ್ಪಿಗೆ ಕಿತ್ತು ಪಕ್ಕದ ಮನೆಯ ಮಾಡಿನ ಮೇಲೆ ಎಸೆದಳು. ಅದು ಇನ್ನೂ ಅಲ್ಲೇ ಇದೆ.

ನೀನು ಏನು ಹೇಳುತ್ತೀ ಎಂದು ಗೊತ್ತು. ಆದರೆ ಗಸ್ತಿನ ಹಳದಿ ಕೋಟು ಹಾಕಿಕೊಂಡು ಊರು ಸುತ್ತುವವಳು ನಾನೇ. ಹೋದ ಶರತ್ಕಾಲದಲ್ಲಿ ಪಕ್ಕದ ಮನೆಯ ಗುಡ್ನಿಯ ಮಗಳು ಕುಡಿದು ದೋಣಿಮನೆಯಲ್ಲಿ ಮಲಗಿಬಿಟ್ಟಿದ್ದಳಲ್ಲ, ನಾಯಿ ಬೊಗಳದಿದ್ದರೆ ಬೆಳಗಾಗುವಷ್ಟರಲ್ಲಿ ಮಂಜಾಗಿರುತ್ತಿದ್ದಳು. ಅವಳನ್ನು ಹೊತ್ತು ತಂದವಳು ನಾನು. ಅಂಥ ನಾನು ಬೇರೆಯವರ ಮಕ್ಕಳನ್ನು ಎಂಟಕ್ಕೆ ಓಡಿಸಿ, ನನ್ನ ಮಗಳನ್ನು ಬೀದಿಯಲ್ಲಿ ಬಿಡಲೇ?

ನಾನು ಚೆನ್ನಾಗಿದ್ದೇನೆ. ಒಲೆಯ ಹತ್ತಿರದ ಕುರ್ಚಿಯ ಕಾಲು ಅಲ್ಲಾಡುತ್ತಿದೆ, ಬೇರೇನಿಲ್ಲ.

ಆಸ್ದಿಸ್

ವಾಲ್ವಿಸ್ ಬೇ, 2 ಫೆಬ್ರವರಿ 2003

ಪ್ರಿಯ ಆಸ್ದಿಸ್,

ನಿನ್ನ ಕಾಗದವನ್ನು ಬಲೆ ಹೆಣೆಯುವ ಪಾಠದ ನಡುವೆ ಓದಿ ನಕ್ಕುಬಿಟ್ಟೆ. ಹುಡುಗರು ಬಿಡಲಿಲ್ಲ, ಏನು ಸಾರ್ ಏನು ಸಾರ್ ಎಂದರು. ನಮ್ಮೂರ ಕಾಯ್ದೆ ವಿವರಿಸಿದೆ. ಹಿಂದಿನ ಬೆಂಚಿನ ಶಿಕೊಂಗೊ ಬಹಳ ಯೋಚಿಸಿ ಕೇಳಿದ: "ಸಾರ್, ನಿಮ್ಮೂರಲ್ಲಿ ಚಳಿಗಾಲದಲ್ಲಿ ಮೂರು ಗಂಟೆಗೇ ಕತ್ತಲಾಗುತ್ತೆ ಅಂದ್ರಿ. ಆಮೇಲೆ ಎಂಟರ ತನಕ ಮಕ್ಕಳು ಕತ್ತಲಲ್ಲಿ ಏನ್ ಮಾಡ್ತಾರೆ?"

"ಆಡ್ತಾರೆ."

"ಎಂಟಾದ್ಮೇಲೆ ಕತ್ತಲು ಜಾಸ್ತಿ ಆಗುತ್ತಾ ಸಾರ್?"

ಬಲೆಯ ಗಂಟು ತೋರಿಸಿ ಪಾಠಕ್ಕೆ ಮರಳಿದೆ. ನೀನು ಇದ್ದಿದ್ದರೆ ಉತ್ತರ ಕೊಡುತ್ತಿದ್ದೆ.

ಒಂದು ಮಾತು ಹೇಳುತ್ತೇನೆ, ಕೋಪ ಬೇಡ. ಕಾಯ್ದೆ ಮೇಲಿನ ಗೆರೆಯನ್ನು ಎಳೆಯುತ್ತದೆ. ಅದಕ್ಕಿಂತ ಕೆಳಗೆ ಎಲ್ಲಿ ಬೇಕಾದರೂ ನಾವು ನಮ್ಮ ಗೆರೆ ಎಳೆದುಕೊಳ್ಳಬಹುದು. ಇಬ್ಬರನ್ನೂ ಎಂಟಕ್ಕೇ ಒಳಗೆ ಕರೆ. ಅಥವಾ ಕಣ್ಣು ಮುಚ್ಚಿ ಇಬ್ಬರನ್ನೂ ಹತ್ತರವರೆಗೆ ಬಿಡು. ಒಂದೇ ಜೋಡಿ ಕೈಗವಸನ್ನು ಒಂದು ಒಳಗೆ, ಒಂದು ಹೊರಗೆ ಇಡಬೇಡ. ಕೇತಿಲ್ ಏನನ್ನಾದರೂ ಶುರು ಮಾಡುವವನು, ಸ್ವಾಲಾ ಅದನ್ನು ನಿಲ್ಲಿಸುವವಳು. ಹುಟ್ಟಿದಾಗಿನಿಂದ ಹಾಗೇ ನಡೆದುಕೊಂಡು ಬಂದಿದೆ.

ಇಲ್ಲಿ ಮಂಜು ಮುಸುಕಿದ ಬೆಳಗು, ಮರಳಿನ ಗಾಳಿ, ದಡದಲ್ಲಿ ಗುಲಾಬಿ ಬಣ್ಣದ ಹಕ್ಕಿಗಳ ಹಿಂಡು. ಕೆಲಸ ಚೆನ್ನಾಗಿ ನಡೆಯುತ್ತಿದೆ. ವಿಶೇಷ ಏನೂ ಇಲ್ಲ.

ಕುರ್ಚಿಯ ಕಾಲಿಗೆ ಬೆಣೆ ಹೊಡೆ. ಬೆಣೆ ನನ್ನ ಪೆಟ್ಟಿಗೆಯಲ್ಲಿದೆ.

ಐವಿಂದುರ್

ಕಾಲ್ಡೆಯ್ರಿ, 20 ಫೆಬ್ರವರಿ 2003

ಐವಿಂದುರ್,

ಆರು ಸಾವಿರ ಮೈಲಿ ದೂರದಲ್ಲಿ ಕೂತು ಮಕ್ಕಳನ್ನು ಬೆಳೆಸುವುದು ಸುಲಭ. ಗುಲಾಬಿ ಹಕ್ಕಿಗಳನ್ನೂ ನೋಡಿಕೊಳ್ಳಬಹುದು.

ಇಬ್ಬರನ್ನೂ ಎಂಟಕ್ಕೆ ಕರೆದು ನೋಡಿದೆ. ಒಂದು ವಾರ. ಕೇತಿಲ್ ಉಣ್ಣಲಿಲ್ಲ. "ಕಾಯ್ದೆ ಕೊಟ್ಟಿದ್ದನ್ನ ನೀನು ಕಿತ್ಕೊಂಡ್ರೆ ಅದು ಕಳ್ಳತನ ಅಲ್ವಾ ಮಮ್ಮಾ?" ಎಂದ. ಗಸ್ತಿನವರ ಎದುರೇ ಅಂದ. ಎಲ್ಲರೂ ನಕ್ಕರು. ಗುಡ್ನಿಯಂತೂ, "ನೋಡೇ ಆಸ್ದಿಸ್, ನೀನು ಹೇಳ್ಕೊಟ್ಟ ಪಾಠ ನಿಂಗೇ ಒಪ್ಪಿಸ್ತಿದಾನೆ" ಎಂದಳು. ಅವನು ಹೇಳಿದ್ದರಲ್ಲಿ ನ್ಯಾಯವಿದೆ. ಕಾಯ್ದೆಯನ್ನು ನಂಬಿ ಎಂದು ಊರಿಗೆಲ್ಲ ಹೇಳುವವಳು, ಅದು ಕೊಡುವಾಗಲೂ ನಂಬಬೇಕಲ್ಲ. ಅವನಿಗೆ ಹತ್ತು ವಾಪಸು ಕೊಟ್ಟೆ.

ಸ್ವಾಲಾಗೆ ಎಂಟೇ. ಎಂಟಕ್ಕೆ ಬಂದು ಬೂಟು ಬಿಚ್ಚಿ ಅಡುಗೆಮನೆಯ ಕಿಟಕಿಯಲ್ಲಿ ಕೂರುತ್ತಾಳೆ. ಪುಸ್ತಕ ತೆರೆದಿರುತ್ತದೆ, ಓದುವುದು ಬೀದಿಯನ್ನು. ಮೊದಲು ಕೇತಿಲ್ ಬಂದು ದಿನದ ಕಥೆಯೆಲ್ಲ ಹೇಳುತ್ತಿದ್ದ. ಈಗ ಹೇಳುವುದಿಲ್ಲ. ಶಾಲೆಯ ಮೇಲಿನ ತರಗತಿಯ ಹುಡುಗರಿಬ್ಬರು ಗೆಳೆಯರಾಗಿದ್ದಾರೆ. ನಿನ್ನೆ ಅವಳು, "ಇವತ್ತು ಎಲ್ಲಿ ಹೋಗಿದ್ರೋ?" ಎಂದರೆ, "ಹೇಳಿದ್ರೆ ಸಾಕು ಸಾಕು ಅಂತ ಶುರು ಮಾಡ್ತೀಯ. ನೀನಿಲ್ದೆ ಎಷ್ಟು ಹಾಯಾಗಿದೆ ಗೊತ್ತಾ" ಎಂದ. ಅವಳು ನಕ್ಕಳು. ನಗು ಮುಖದ ಒಂದು ಬದಿಗೆ ಮಾತ್ರ ಬಂತು.

ಅವನ ಪ್ಯಾಂಟು ದಿನಾ ಮೊಣಕಾಲಿನವರೆಗೆ ಒದ್ದೆ. ಹಿಮದಲ್ಲಿ ಹೊರಳಾಡುತ್ತಾರಂತೆ. ಗಂಡುಹುಡುಗರಲ್ಲವೇ. ಒಲೆಯ ಮೇಲೆ ಒಣಗಿಸಿ ಒಣಗಿಸಿ ಸಾಕಾಗಿದೆ.

ಒಂದು ವರ್ಷದ ಮಾತು. ಬರುವ ಜನವರಿಗೆ ಅವಳಿಗೂ ಹತ್ತಾಗುತ್ತದೆ, ಅಲ್ಲಿಗೆ ಎಲ್ಲ ಸರಿಹೋಗುತ್ತದೆ. ನೀನೂ ಬಂದಿರುತ್ತೀ.

ಆಸ್ದಿಸ್

ವಾಲ್ವಿಸ್ ಬೇ, 15 ಮಾರ್ಚ್ 2003

ಪ್ರಿಯ ಆಸ್ದಿಸ್,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು, ಎರಡನೆಯ ಸಲ ನಾಚಿಕೆ ಬಂತು. ನೀನು ಹೇಳಿದ್ದೇ ಸರಿ. ಅಲ್ಲಿರುವವಳು ನೀನು. ನಾನು ಹುಡುಗನಾಗಿದ್ದಾಗ ನಮ್ಮಪ್ಪ ಸಮುದ್ರದ ಮೇಲಿದ್ದ, ನಮ್ಮಮ್ಮ ಎರಡು ಗಂಟೆಯ ಸ್ವಾತಂತ್ರ್ಯವನ್ನೂ ಕೊಡದೆ ಸೆರಗಿಗೆ ಕಟ್ಟಿಕೊಂಡಿದ್ದಳು. ಅದರ ಸಿಟ್ಟು ನನಗಿನ್ನೂ ಹೋಗಿಲ್ಲ. ಮಗನಿಗೆ ಅದು ಬೇಡ.

ಈ ಸಾಲುಗಳನ್ನು ಅವನಿಗೇ ಓದಿ ಹೇಳು: ಕೇತಿಲ್, ಹತ್ತರವರೆಗಿನ ಹೊತ್ತು ನಿನ್ನದು. ನಾನು ಕೊಟ್ಟಿದ್ದೇನೆ. ಅದಕ್ಕೆ ಮುಂಚೆ ಯಾರು ಕರೆದರೂ ತಿರುಗಿ ನೋಡಬೇಡ, ತಂಗಿ ಕರೆದರೂ ಸರಿ. ಹತ್ತಕ್ಕೆ ಮಾತ್ರ ಬಾಗಿಲಲ್ಲಿರು. ಗಂಡಸಿನ ಮಾತು ಗಂಡಸಿಗೆ.

ಅವಳಿಗೆ ಒಂದು ಶಂಖ ಕಳಿಸುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬಾರದು ಎಂದು ಹೇಳು.

ನಿನ್ನ
ಐವಿಂದುರ್

ಕಾಲ್ಡೆಯ್ರಿ, 2 ಮೇ 2003

ಐವಿಂದುರ್,

ನೀನು ವಿಮಾನ ಹತ್ತಿ ವಾಪಸು ಹೋಗಿ ಮೂರು ವಾರವಾಯಿತು. ಮಗನ ಮಣ್ಣಿಗೆ ಬಂದವರಿಗೆಲ್ಲ ಕೃತಜ್ಞತೆ ಹೇಳಿ ಕಳಿಸಿದೆ. ಶಿಲುಬೆಯನ್ನು ಸದ್ಯಕ್ಕೆ ಮರದ್ದೇ ನೆಟ್ಟಿದ್ದಾರೆ. ಮಣ್ಣು ಕೂತ ಮೇಲೆ ಕಲ್ಲು.

ನೀನಿದ್ದಾಗ ಆ ಸಂಜೆಯ ವಿಷಯ ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಈಗ ಹೇಳುತ್ತೇನೆ. ಮಾರ್ಚ್ ಹತ್ತೊಂಬತ್ತು, ಬುಧವಾರ. ಊಟಕ್ಕೆ ಹ್ಯಾಡಕ್ ಮೀನು, ಆಲೂಗಡ್ಡೆ. ಮೂರು ಆಲೂಗಡ್ಡೆ ತಿಂದು ಹೋದ. ಸ್ವಾಲಾ ಎಂಟಕ್ಕೆ ಬಂದು ಓದುತ್ತ ಕೂತಳು. ನಾನು ಹೆಣೆಯುತ್ತಿದ್ದೆ. ಹತ್ತರವರೆಗೆ ನಮಗೆ ಏನೂ ಗೊತ್ತಿರಲಿಲ್ಲ. ಹತ್ತಾದರೂ ಬಾರದಿದ್ದಾಗ ಕೋಟು ಹಾಕಿಕೊಂಡು ನಾನೇ ಹೊರಟೆ. ಆಮೇಲಿನದು ನಿನಗೆ ಗೊತ್ತು. ಹಳೆಯ ಜೆಟ್ಟಿಯ ಬಳಿ ತೇಲುವ ಮಂಜುಗಡ್ಡೆಯಿಂದ ಮಂಜುಗಡ್ಡೆಗೆ ಹಾರುವ ಆಟವನ್ನು ಜನವರಿಯಿಂದ ಆಡುತ್ತಿದ್ದರಂತೆ. ಆ ಹುಡುಗರಿಬ್ಬರು ಚಳಿ ಎಂದು ಬೇಗ ಮನೆಗೆ ಹೋಗಿದ್ದಾರೆ. ಅವನು ಇನ್ನೊಂದೇ ಸಲ ಎಂದು ಉಳಿದಿದ್ದಾನೆ.

ಒಂಬತ್ತರ ಸುಮಾರಿಗೆ ಬಿದ್ದಿರಬೇಕು ಎಂದರು ಡಾಕ್ಟರು. ಮಂಜುಗಡ್ಡೆಯ ಅಂಚು ಹಿಡಿದುಕೊಂಡು ಸ್ವಲ್ಪ ಹೊತ್ತು ಇದ್ದಿರಬೇಕು ಎಂದೂ ಅಂದರು. ಅದನ್ನು ಅವರು ಹೇಳಬಾರದಿತ್ತು.

ಆಗ ಅವನಿಗೆ ಹೊರಗಿರಲು ಇನ್ನೂ ಹೊತ್ತಿತ್ತು. ಯಾವ ತಪ್ಪನ್ನೂ ಮಾಡದೆ ಸತ್ತ ನನ್ನ ಮಗ.

ಇಲ್ಲಿದ್ದಷ್ಟು ದಿನವೂ ನೀನು ಅಂಚೆಯವನನ್ನು ಕಾಯುತ್ತಿದ್ದೆ, ಹೋಗುವಾಗ ನಿನ್ನ ಮಾರ್ಚ್ ತಿಂಗಳ ಕಾಗದ ಬಂದರೆ ಒಡೆಯದೆ ಒಲೆಗೆ ಹಾಕು ಎಂದೆ. ಅದು ಬರಲೇ ಇಲ್ಲ. ದಾರಿಯಲ್ಲಿ ಕಳೆದಿರಬೇಕು. ಚಿಂತೆ ಮಾಡಬೇಡ.

ನಿನ್ನೆಯಿಂದ ಬೇಸಿಗೆಯ ವೇಳೆ ಶುರುವಾಗಿದೆ, ಎಲ್ಲರಿಗೂ ಎರಡು ಗಂಟೆ ಹೆಚ್ಚು. ಮಕ್ಕಳು ಬೆಳಕಿನಲ್ಲಿ ಚೆಂಡಾಡುತ್ತಿದ್ದಾರೆ. ಕಿಟಕಿ ಮುಚ್ಚಿದ್ದೇನೆ.

ಆಸ್ದಿಸ್

ಕಾಲ್ಡೆಯ್ರಿ, 4 ಮೇ 2003

ಪಬ್ಬಿ,

ಇದನ್ನು ಶಾಲೆಯಿಂದ ಬರೆಯುತ್ತಿದ್ದೇನೆ, ಟೀಚರ್ ಅಂಚೆಗೆ ಹಾಕುತ್ತಾರೆ.

ವಿಮಾನ ನಿಲ್ದಾಣದಲ್ಲಿ ನೀನು ಹೇಳಿದ ಹಾಗೇ ಇದ್ದೇನೆ. ನಾನು ನಿನಗೆ ಹೇಳಿದ್ದು ಮಮ್ಮಾಗೆ ಗೊತ್ತಿಲ್ಲ. ಆದರೆ ನೀನು ಸರಿಯಾಗಿ ಕೇಳಿಸಿಕೊಂಡೆಯೋ ಇಲ್ಲವೋ, ವಿಮಾನದ ಸದ್ದಿತ್ತು, ಅದಕ್ಕೆ ಮತ್ತೆ ಬರೆಯುತ್ತಿದ್ದೇನೆ.

ಎಂಟೂವರೆಗೆ ಆ ಹುಡುಗರಿಬ್ಬರು ನಮ್ಮ ಕಿಟಕಿಯ ಮುಂದೆ ಮನೆಗೆ ಹೋದರು. ಕೇತಿಲ್ ಅವರ ಜೊತೆ ಇರಲಿಲ್ಲ. "ಮಮ್ಮಾ, ಅವರಿಬ್ಬರೂ ಬಂದ್ರು, ಕೇತಿಲ್ ಬಂದಿಲ್ಲ" ಅಂದೆ. "ಅವನಿಗೆ ಹತ್ತರ ತನಕ ಇದೆ" ಅಂದಳು. "ನಾನು ಹೋಗಿ ನೋಡ್ಕೊಂಡು ಬರ್ತೀನಿ" ಅಂತ ಬೂಟು ಹಾಕಿಕೊಂಡೆ. ಮಮ್ಮಾ ಬಾಗಿಲಿಗೆ ಅಡ್ಡ ನಿಂತು, "ನಿಂಗೆ ಎಂಟು. ಬೂಟು ಬಿಚ್ಚು" ಅಂದಳು. ಮಾಮೂಲಿ ಹೇಳುವ ಹಾಗೆಯೇ ಹೇಳಿದಳು. ಬಿಚ್ಚಿದೆ.

ನಾನು ಬಿಚ್ಚಬಾರದಿತ್ತಾ ಪಬ್ಬಿ?

ಸ್ವಾಲಾ

ವಾಲ್ವಿಸ್ ಬೇ, 30 ಮೇ 2003

ಪ್ರಿಯ ಆಸ್ದಿಸ್,

ಆ ಸಂಜೆಯ ವಿಷಯ ಬರೆದದ್ದು ಒಳ್ಳೆಯದಾಯಿತು. ಇನ್ನು ಮತ್ತೆ ಬರೆಯಬೇಡ. ಹತ್ತಕ್ಕೆ ಮುಂಚೆ ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ನಾನಿದ್ದಿದ್ದರೂ ಕೂತೇ ಇರುತ್ತಿದ್ದೆ.

ಕಾಗದ ಕಳೆದದ್ದೂ ಒಳ್ಳೆಯದೇ. ಅದರಲ್ಲಿ ಏನೂ ಇರಲಿಲ್ಲ. ಹುಡುಗರ ಪರೀಕ್ಷೆ, ಹವಾಮಾನ, ಇಂಥದ್ದೇ.

ನೀನು ಕಳಿಸಿದ ಒಣಮೀನು ಸಿಕ್ಕಿತು. ಬೆಣ್ಣೆ ಹಚ್ಚಿ ತಿಂದೆ, ಚೆನ್ನಾಗಿತ್ತು. ಶಿಕೊಂಗೊ ಒಂದು ತುಂಡು ಅಗಿದು, "ಸಾರ್, ಇದು ಮೀನೋ ಚಪ್ಪಲಿಯೋ" ಎಂದ. ನಾನು ನಕ್ಕೆ. ಮಾರ್ಚ್ ಆದಮೇಲೆ ಮೊದಲ ಸಲ. ಆಮೇಲೆ ಹೊರಗೆ ಹೋಗಿ ನಿಂತೆ.

ಐವಿಂದುರ್

ವಾಲ್ವಿಸ್ ಬೇ, 30 ಮೇ 2003

ಸ್ವಾಲಾ ಕಂದ,

ನಿಂದೇನೂ ತಪ್ಪಿಲ್ಲ. ಮಮ್ಮಾಗೆ ಈಗಲೇ ಬೇಕಾದಷ್ಟಾಗಿದೆ. ನನಗೆ ಗೊತ್ತಿದೆ ಎಂದು ಗೊತ್ತಾದರೆ ಅವಳು ಉಳಿಯುವುದಿಲ್ಲ. ನೀನು ಜಾಣೆ. ನಿನ್ನ ಮೇಲೆ ನನಗೆ ನಂಬಿಕೆ ಇದೆ.

ಪಬ್ಬಿ

ಕಾಲ್ಡೆಯ್ರಿ, 3 ಸೆಪ್ಟೆಂಬರ್ 2003

ಐವಿಂದುರ್,

ಮತ್ತೆ ಚಳಿಗಾಲದ ವೇಳೆ ಬಂತು. ಚಿಕ್ಕವರಿಗೆ ಎಂಟು, ದೊಡ್ಡವರಿಗೆ ಹತ್ತು. ಹಳದಿ ಕೋಟನ್ನು ಒಗೆದು ಮಡಿಸಿ ಗುಡ್ನಿಗೆ ಕೊಟ್ಟುಬಂದೆ. "ನೀನಿಲ್ದೆ ಯಾರ ಮಾತು ಕೇಳ್ತಾರೆ ಈ ಮಂಗಗಳು?" ಎಂದು ಅತ್ತಳು. ಬೇರೆಯವರು ಹೇಳುವುದು ಕಿವಿಗೆ ಬಿದ್ದಿದೆ. ನಾನು ಊರ ಮಕ್ಕಳನ್ನು ಉಳಿಸಿದವಳಂತೆ, ದೇವರು ನನಗೇ ಹೀಗೆ ಮಾಡಿದನಂತೆ. ಅಂಗಡಿಯಲ್ಲಿ ನನಗೆ ಸಾಲು ಬಿಟ್ಟುಕೊಡುತ್ತಾರೆ. ಅದಕ್ಕೇ ಪಕ್ಕದ ಊರಿನ ಅಂಗಡಿಗೆ ಹೋಗುತ್ತೇನೆ.

ಸ್ವಾಲಾ ಮನೆ ಬಿಟ್ಟು ಹೊರಗೆ ಹೋಗುವುದೇ ಇಲ್ಲ. ಶಾಲೆ, ಮನೆ. ಮೂರು ಗಂಟೆಗೇ ಬೂಟು ಬಿಚ್ಚಿ ಗೋಡೆಗೆ ಒರಗಿಸಿ ಇಡುತ್ತಾಳೆ. "ಬೆಳಕಿದೆ, ಹೋಗೇ ಸ್ವಲ್ಪ" ಎಂದರೆ, "ಬಿಚ್ಚಾಯ್ತಲ್ಲ" ಎನ್ನುತ್ತಾಳೆ. ನನ್ನ ಜೊತೆ ಚೆನ್ನಾಗಿಯೇ ಮಾತಾಡುತ್ತಾಳೆ, ಅಂಗಡಿಯವನ ಜೊತೆ ಮಾತಾಡುವ ಹಾಗೆ. ತಟ್ಟೆ ತೊಳೆಯುತ್ತಾಳೆ. ಕೇಳಿದ್ದಕ್ಕೆಲ್ಲ ಹೂಂ.

ಅವಳು ನಿನಗೇನಾದರೂ ಬರೆದಳೇ? ಏನಾದರೂ ಹೇಳಿದಳೇ?

ಆಸ್ದಿಸ್

ವಾಲ್ವಿಸ್ ಬೇ, 1 ಅಕ್ಟೋಬರ್ 2003

ಪ್ರಿಯ ಆಸ್ದಿಸ್,

ಇಲ್ಲ. ಒಂದೆರಡು ಕಾಗದ ಬಂದಿವೆ, ಶಾಲೆಯ ವಿಷಯ, ಅಷ್ಟೇ. ವಯಸ್ಸು ಅಂಥದ್ದು. ಅವಳಾಗಿಯೇ ಸರಿಹೋಗುತ್ತಾಳೆ.

ಇನ್ನೊಂದು ಮಾತು. ಇಲ್ಲಿ ಇನ್ನೊಂದು ವರ್ಷ ಇರು ಎಂದು ಜನವರಿಯಲ್ಲೇ ಕೇಳಿದ್ದರು. ನಿನಗೆ ಹೇಳಿರಲಿಲ್ಲ, ಬೇಡ ಎನ್ನುವ ಮನಸ್ಸಿನಲ್ಲಿದ್ದೆ. ಹೋದ ವಾರ ಸಹಿ ಹಾಕಿದೆ. ಹುಡುಗರು ಅರ್ಧ ಕಲಿತಿದ್ದಾರೆ, ನಡುವೆ ಬಿಟ್ಟು ಬರುವುದು ಸರಿಯಲ್ಲ. ನಿನಗೆ ಅರ್ಥವಾಗುತ್ತದೆ ಎಂದುಕೊಂಡಿದ್ದೇನೆ.

ಐವಿಂದುರ್

ಕಾಲ್ಡೆಯ್ರಿ, 28 ಅಕ್ಟೋಬರ್ 2003

ಐವಿಂದುರ್,

ಅರ್ಥವಾಯಿತು. ನಿನ್ನ ಮುಖ ನೋಡಲಾರೆ ಎಂದು ನೀನು ಬರೆದಿಲ್ಲ, ಆದರೂ ಅರ್ಥವಾಯಿತು. ಹತ್ತರ ಹಟ ನನ್ನದು. ನೀನು ಫೆಬ್ರವರಿಯಲ್ಲೇ ಒಬ್ಬನನ್ನೇ ಹೊರಗೆ ಬಿಡಬೇಡ ಎಂದಿದ್ದೆ.

ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ. ಅಲ್ಲಿ ಸೆಖೆಯೇನೋ. ಹೆಣೆದಾಗಿತ್ತು.

ಆ

ಕಾಲ್ಡೆಯ್ರಿ, 1 ಜನವರಿ 2004

ಪಬ್ಬಿ,

ಈ ಕಾಗದವನ್ನು ಮಮ್ಮಾಗೆ ಓದಿ ತೋರಿಸಿ ಕಳಿಸುತ್ತಿದ್ದೇನೆ. ಮೇಜಿನ ಆ ಕಡೆ ಕೂತಿದ್ದಾಳೆ.

ಇವತ್ತು ನನಗೆ ಕಾಯ್ದೆಯ ಲೆಕ್ಕದಲ್ಲೂ ಹದಿಮೂರು, ನಿಜವಾಗಿಯೂ ಹದಿಮೂರು. ಬೆಳಿಗ್ಗೆ ಮಮ್ಮಾ ಕೇಕ್ ಮಾಡಿದಳು. ಒಂದೇ ಹೆಸರು ಬರೆದರೆ ಜಾಗ ಎಷ್ಟೊಂದು ಉಳಿಯುತ್ತದೆ ಗೊತ್ತಾ? ಊಟವಾದ ಮೇಲೆ, "ಇನ್ಮೇಲೆ ನಿಂಗೂ ಹತ್ತು ಸ್ವಾಲಾ" ಅಂದಳು.

"ನಂಗೆ ಹತ್ತು ಬೇಡ" ಅಂದೆ.

"ಮತ್ತೇನ್ ಬೇಕು ಹೇಳು."

"ಒಂದು ವಿಷಯ ಹೇಳ್ಬೇಕು. ಎಂಟೂವರೆಗೆ ನೀನು ಏನಂದೆ ಅಂತ ಪಬ್ಬಿಗೆ ಗೊತ್ತು. ಆಗಿಂದಾನೇ ಗೊತ್ತು. ವಿಮಾನ ನಿಲ್ದಾಣದಲ್ಲಿ ಹೇಳ್ದೆ."

ಮಮ್ಮಾ ಕೇಕಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು ಪಬ್ಬಿ. ಆಮೇಲೆ ಎದ್ದು ಹಿಟ್ಟಿನ ಡಬ್ಬದ ಹಿಂದಿನಿಂದ ನಿನ್ನ ಕಾಗದ ತೆಗೆದಳು. ಮಾರ್ಚ್ ತಿಂಗಳದ್ದು. ಕಳೆದುಹೋಗಿಲ್ಲ, ನೀನು ಹೋದ ಮೇಲೆ ಏಪ್ರಿಲ್‌ನಲ್ಲೇ ಬಂದಿತ್ತು. ನಾನೇ ಅಂಚೆಯವನಿಂದ ತಗೊಂಡು ಮಮ್ಮಾಗೆ ಕೊಟ್ಟಿದ್ದೆ. ಓದಿ ಅಲ್ಲಿಟ್ಟು, "ಇದು ಬಂತು ಅಂತ ನಿಮ್ಮಪ್ಪಂಗೆ ಗೊತ್ತಾಗ್ಬಾರ್ದು, ಅವನು ಉಳಿಯಲ್ಲ" ಅಂದಿದ್ದಳು. ಯಾರು ಕರೆದರೂ ತಿರುಗಬೇಡ, ತಂಗಿ ಕರೆದರೂ, ಅಂತ ಇದೆಯಲ್ಲ, ಆ ಸಾಲು ಮಡಿಸಿ ಮಡಿಸಿ ಹರಿದಿದೆ.

ನಿನ್ನ ಗುಟ್ಟನ್ನು ಅವಳಿಗೆ ಹೇಳಬಾರದು. ಅವಳ ಗುಟ್ಟನ್ನು ನಿನಗೆ ಹೇಳಬಾರದು. ಕೇತಿಲ್ ಇದ್ದಿದ್ದರೆ ಒಬ್ಬೊಬ್ಬರು ಒಂದೊಂದು ಇಟ್ಟುಕೊಳ್ಳುತ್ತಿದ್ದೆವು. ಒಬ್ಬಳಿಗೇ ಎರಡೂ ಆಗುವುದಿಲ್ಲ ಪಬ್ಬಿ.

ಈಗ ಇಬ್ಬರಿಗೂ ಹೇಳಿದ್ದೇನೆ. ನೀವೇ ಇಟ್ಟುಕೊಳ್ಳಿ.

ಸ್ವಾಲಾ

ಕಾಲ್ಡೆಯ್ರಿ, 2 ಜನವರಿ 2004

ಐವಿಂದುರ್,

ಬೂಟು ಬಿಚ್ಚು ಎಂದವಳು ನಾನು. ಅವಳು ಹೋಗಿದ್ದರೆ ಅವನು ಬಿದ್ದೇ ಇರುತ್ತಿರಲಿಲ್ಲವೋ, ಇನ್ನೂ ಅಂಚು ಹಿಡಿದುಕೊಂಡಿರುತ್ತಿದ್ದನೋ ಏನೋ. ಇಷ್ಟು ಗೊತ್ತಿದ್ದೂ, ಒಣಮೀನು ಚೆನ್ನಾಗಿತ್ತು ಎಂದು ಬರೆದೆಯಲ್ಲ.

ಬಂದು ಬೈ. ಕಾಗದದಲ್ಲಿ ಬೇಡ.

ಆಸ್ದಿಸ್

ವಾಲ್ವಿಸ್ ಬೇ, 24 ಜನವರಿ 2004

ಆಸ್ದಿಸ್,

ಆ ಸಾಲು ಅವನಿಗೆ ತಲುಪಲಿಲ್ಲ ಎಂದು ದಿನಾ ಹೇಳಿಕೊಳ್ಳುತ್ತೇನೆ. ಬರೆದದ್ದು ಬರೆದದ್ದೇ. ಎಂಟು ಎಂದಿದ್ದವನು ಹತ್ತು ಎಂದೆ, ಯಾರನ್ನೂ ಕೇಳದೆ ಗಂಡಸಾದೆ. ನೀನೂ ಬೈಯಬೇಕು.

ಇಲ್ಲಿ ಎಲ್ಲ ಬಿಟ್ಟು ಹೊರಟಿದ್ದೇನೆ. ಸ್ವಾಲಾ ವಿಮಾನ ನಿಲ್ದಾಣಕ್ಕೆ ಬರುವುದು ಬೇಡ. ಆ ಮಗುವಿನ ತಲೆಯ ಮೇಲೆ ಹೊರೆ ಇಟ್ಟದ್ದು ಅಲ್ಲಿಯೇ. ಮನೆಗೆ ಬಂದು ಇಳಿಸಿಕೊಳ್ಳುತ್ತೇನೆ, ಅವಳು ಬಿಟ್ಟರೆ.

ಐವಿಂದುರ್

ಸ್ವಾಲಾ ಕಾಗದಗಳನ್ನು ಮಡಿಸಿದಳು. ಗುಡ್ನಿ ಮುಖ ಮುಚ್ಚಿಕೊಂಡಿದ್ದಳು. ಆ ಇಬ್ಬರು ಹುಡುಗರಲ್ಲೊಬ್ಬ, ಈಗ ಮೂರು ಮಕ್ಕಳ ತಂದೆ, ಬಾಗಿಲ ಬಳಿ ಗೋಡೆಯ ಕಡೆ ತಿರುಗಿ ನಿಂತಿದ್ದ.

"ಬಂದ್ನಾ?" ಎಂದು ಯಾರೋ ಕೇಳಿದರು.

"ಬಂದ. ಮೂರು ದಿನ ಕಿತ್ತಾಡಿದ್ರು. ತಟ್ಟೆ ಒಡೆದ್ರು. ನಾನು ಮೇಲೆ ಹಾಸಿಗೇಲಿ ಕೇಳ್ತಾ ಮಲಗಿದ್ದೆ. ಆ ವರ್ಷದಲ್ಲಿ ಮೊದಲನೇ ಸಲ ಚೆನ್ನಾಗಿ ನಿದ್ದೆ ಬಂತು." ಕಾಗದಗಳನ್ನು ಚೀಲಕ್ಕೆ ಸೇರಿಸುತ್ತ, "ಸರಿಹೋಯ್ತು ಅಂತಲ್ಲ. ಸಾಯೋ ತನಕ ಅವನು ಮಾರ್ಚ್ ತಿಂಗಳು ಬಂದ್ರೆ ಕೊಟ್ಟಿಗೇಲಿ ಮಲಗ್ತಿದ್ದ. ಮಮ್ಮಾ ಊಟಾನ ಅಲ್ಲಿಗೇ ತಗೊಂಡು ಹೋಗ್ತಿದ್ಲು" ಎಂದಳು.

"ಹಾಗಾದ್ರೆ ಗಸ್ತು ಬೇಕಾ ಬೇಡ್ವಾ, ನೀನೇನಂತೀಯ?"

"ನಂಗೊತ್ತಿಲ್ಲ. ನನ್ನ ಮಗೂಗಿನ್ನೂ ಮೂರು ವರ್ಷ" ಎಂದು ಕೋಟು ಹಾಕಿಕೊಂಡಳು.

ಮತ ಯಾರೂ ಹಾಕಲಿಲ್ಲ. ಕುರ್ಚಿಗಳನ್ನು ಒಂದರ ಮೇಲೊಂದು ಇಟ್ಟು, ದೀಪ ಆರಿಸಿ ಮನೆಗೆ ಹೋದೆವು. ರಾತ್ರಿಯೆಲ್ಲ ಹಿಮ ಬಿತ್ತು.

ಮರುದಿನ ಬೆಳಿಗ್ಗೆ ನಾನು ಸಲಿಕೆ ಹಿಡಿದು ಆಸ್ದಿಸ್‌ಳ ಮನೆಗೆ ಹೋದರೆ ಅಲ್ಲಿ ಆಗಲೇ ನಾಲ್ಕು ಜನ ಇದ್ದರು. ಒಬ್ಬರಿಗೊಬ್ಬರು ಹೇಳಿಕೊಂಡು ಬಂದದ್ದಲ್ಲ. ಇನ್ನೂ ಮೂವರು ಬಂದರು. ಅವಳ ಮೆಟ್ಟಿಲು, ಅಂಗಳ, ಅಲ್ಲಿಂದ ಚರ್ಚಿನ ಗೇಟು, ಒಳಗೆ ಕೇತಿಲ್‌ನ ಕಲ್ಲಿನವರೆಗೂ ಹಿಮ ಎತ್ತಿ ಹಾಕಿ, ಅವಳು ಏಳುವ ಮುಂಚೆ ಕಳ್ಳರಂತೆ ನಮ್ಮ ನಮ್ಮ ಮನೆ ಸೇರಿ ಪರದೆಯ ಹಿಂದೆ ನಿಂತೆವು.

ಆಸ್ದಿಸ್ ಸಲಿಕೆ ಹಿಡಿದು ಹೊರಗೆ ಬಂದಳು. ಮೆಟ್ಟಿಲು ನೋಡಿದಳು. ಬೀದಿಯುದ್ದಕ್ಕೂ ನೋಡಿದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು, ಹಳದಿ ಕೋಟಿನ ಕಾಲದ ಗಂಟಲಿನಲ್ಲಿ ಕೂಗಿದಳು:

"ಯಾರ್ರೋ ಅದು, ನನ್ನ ಹಿಮ ಕದ್ದೋರು?"

ನಾವು ಪರದೆಯನ್ನು ಇನ್ನಷ್ಟು ಎಳೆದುಕೊಂಡೆವು.

"ನಂಗೂ ಏನಾದ್ರೂ ಉಳಿಸ್ರೋ ಮಾಡೋಕೆ" ಎಂದು ದನಿ ಸ್ವಲ್ಪ ಇಳಿಸಿ ಅಂದು, ಪಕ್ಕದ ಮನೆಗೆ ನಡೆದು, ನಾವು ಯಾರೂ ಮುಟ್ಟದೆ ಬಿಟ್ಟಿದ್ದ ಗುಡ್ನಿಯ ಮೆಟ್ಟಿಲಿನ ಹಿಮವನ್ನು ಎತ್ತಿ ಹಾಕತೊಡಗಿದಳು.